ಹೊರಗಿನವರ ಆಟ, ಒಳಗಿನ ಹಠ

2013ರ ಸೆಪ್ಟೆಂಬರ್ 3ರಂದು ಡಬ್ಲಿನ್ ನಗರದ ಉತ್ತರಕ್ಕಿರುವ ಮಲಾಹೈಡ್‌ನಲ್ಲಿ ಐರ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಏಕದಿನ ಪಂದ್ಯ ನಡೆಯಿತು. ಹಳೆಯ ಕೋಟೆಯ ಮಗ್ಗುಲಲ್ಲಿರುವ ಪುಟ್ಟ ಮೈದಾನ. ತಾತ್ಕಾಲಿಕ ಗ್ಯಾಲರಿ ಕಟ್ಟಿ ಹತ್ತು ಸಾವಿರದಷ್ಟು ಜನರನ್ನು ಕೂರಿಸಿದ್ದರು. ಐರ್ಲೆಂಡ್ ನಾಯಕ ವಿಲಿಯಂ ಪೋರ್ಟರ್‌ಫೀಲ್ಡ್ 112 ರನ್ ಹೊಡೆದರು, ತಂಡದ ಮೊತ್ತ 269ಕ್ಕೆ ಏರಿತು. ಉತ್ತರವಾಗಿ ಇಂಗ್ಲೆಂಡ್ ಐವತ್ತು ದಾಟುವ ಮೊದಲೇ ನಾಲ್ಕು ವಿಕೆಟ್ ಕಳೆದುಕೊಂಡಿತು. ಗ್ಯಾಲರಿಯಲ್ಲಿ ಕುಣಿತ ಶುರುವಾಯಿತು. ಆಮೇಲೆ ಒಬ್ಬ ಎಡಗೈ ಬ್ಯಾಟರ್ ಕ್ರೀಸ್ ಬಿಟ್ಟು ಕದಲಲಿಲ್ಲ. ರವಿ ಬೋಪಾರ ಜೊತೆಗೂಡಿ ಅಜೇಯ 124 ರನ್ ಹೊಡೆದು ಪಂದ್ಯವನ್ನು ಇಂಗ್ಲೆಂಡಿನ ಜೇಬಿಗೆ ಹಾಕಿದ. ಆತ ಅಂದಿನ ಇಂಗ್ಲೆಂಡ್ ನಾಯಕ, ಹೆಸರು ಓಯಿನ್ ಮಾರ್ಗನ್. ಹುಟ್ಟಿದ್ದು ಡಬ್ಲಿನ್‌ನಲ್ಲಿ, ಬೆಳೆದದ್ದು ಅದೇ ಕರಾವಳಿಯ ಸ್ವಲ್ಪ ಮೇಲಿನ ರಷ್ ಎಂಬ ಊರಲ್ಲಿ. ಐರ್ಲೆಂಡಿನ ನಾಲ್ಕು ವಿಕೆಟ್ ಕಿತ್ತ ವೇಗಿ ಬಾಯ್ಡ್ ರ‍್ಯಾಂಕಿನ್ ಕೂಡ ಐರ್ಲೆಂಡಿನವರೇ. ಅಂದು ಐರ್ಲೆಂಡನ್ನು ಸೋಲಿಸಿದವರು ಐರಿಷರು.

ಐರಿಷ್ ಮತ್ತು ಇಂಗ್ಲಿಷ್ ಕ್ರಿಕೆಟ್ ಅಭಿಮಾನಿಗಳ ಜಿದ್ದಿನ ಮಾತು ಬಂದಾಗ ನಮ್ಮವರು ತಕ್ಷಣ ಎಂಟುನೂರು ವರ್ಷಗಳ ದಬ್ಬಾಳಿಕೆ, ಆಲೂಗಡ್ಡೆಯ ಬರಗಾಲ, 1916ರ ದಂಗೆ ಎಂದು ಲೆಕ್ಕ ಹಾಕುತ್ತಾರೆ. ಅದೆಲ್ಲ ಹಿನ್ನೆಲೆಯಲ್ಲಿ ಇದ್ದೇ ಇದೆ. ಆದರೆ ಕ್ರಿಕೆಟ್ ಮೈದಾನದ ಈ ಜಿದ್ದು ಅಷ್ಟು ಹಳೆಯದಲ್ಲ. ಅದಕ್ಕಿನ್ನೂ ಇಪ್ಪತ್ತು ವರ್ಷದ ಆಸುಪಾಸು ಅಷ್ಟೆ. ಅದಕ್ಕೂ ಮೊದಲಿನ ನೂರು ವರ್ಷ ಐರ್ಲೆಂಡಿನಲ್ಲಿ ಕ್ರಿಕೆಟ್ ಪ್ರೇಮಿಯ ಮುಂದಿದ್ದ ಪ್ರಶ್ನೆ ಬೇರೆಯದು: ಇಂಗ್ಲೆಂಡಿನ ಆಟ ಆಡುವ ನೀನು ಐರಿಷನೇ ಹೌದೋ?

ಈ ಪ್ರಶ್ನೆ ಹುಟ್ಟಿದ ಬಗೆ ವಿಚಿತ್ರವಾಗಿದೆ. ಐರ್ಲೆಂಡಿಗೆ ಕ್ರಿಕೆಟ್ ತಂದವರು ಬ್ರಿಟಿಷ್ ಸಿಪಾಯಿಗಳು ಮತ್ತು ಜಮೀನ್ದಾರರು, ಅದರಲ್ಲಿ ಅನುಮಾನವಿಲ್ಲ. 1792ರಲ್ಲಿ ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ ದಂಡಿನವರಿಗೂ ‘ಆಲ್ ಐರ್ಲೆಂಡ್’ ತಂಡಕ್ಕೂ ಪಂದ್ಯವಾಯಿತು. ದಾಖಲೆಗೆ ಸಿಗುವ ಮೊದಲ ಐರಿಷ್ ಪಂದ್ಯ ಅದೇ. ಅದರಲ್ಲಿ ಆಡಿದವರ ಪೈಕಿ ಆರ್ಥರ್ ವೆಲ್ಲೆಸ್ಲಿ ಎಂಬ ತರುಣ ಅಧಿಕಾರಿಯೂ ಇದ್ದ. ಏಳು ವರ್ಷಗಳ ನಂತರ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ, ಮುಂದೆ ವಾಟರ್‌ಲೂ ಗೆದ್ದು ವೆಲಿಂಗ್ಟನ್ ಡ್ಯೂಕ್ ಆದ ಅದೇ ವೆಲ್ಲೆಸ್ಲಿ. ಡಬ್ಲಿನ್‌ನಲ್ಲೇ ಹುಟ್ಟಿದವನು.

ಆದರೆ ಆಟ ದಂಡಿನವರ ಕೈಯಲ್ಲೇ ಉಳಿಯಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವೆ ಹಳ್ಳಿಹಳ್ಳಿಗೂ ಹರಡಿತು. ಇವತ್ತು ಕೋಲು-ಚೆಂಡಿನ ಐರಿಷ್ ಆಟ ಹರ್ಲಿಂಗ್ ಎಂದರೆ ಪ್ರಾಣ ಬಿಡುವ ಕಿಲ್ಕೆನ್ನಿ, ಟಿಪ್ಪರೆರಿ ಸೀಮೆಗಳಲ್ಲಿ ಆಗ ರೈತಾಪಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಐರಿಷ್ ಸ್ವಾಯತ್ತತೆಗಾಗಿ ಬ್ರಿಟಿಷ್ ಸಂಸತ್ತನ್ನೇ ಅಲ್ಲಾಡಿಸಿದ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಒಳ್ಳೆಯ ಕ್ರಿಕೆಟಿಗ, ತನ್ನ ವಿಕ್ಲೋ ತಂಡದ ನಾಯಕ. 1884ರ ನವೆಂಬರ್ 1ರಂದು ಥರ್ಲ್ಸ್ ಊರಿನ ಹೋಟೆಲೊಂದರಲ್ಲಿ ಐರಿಷರ ಸ್ವಂತ ಆಟಗಳಿಗಾಗಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪಿಸಿದ ಮೈಕಲ್ ಕ್ಯುಸಾಕ್ ಕೂಡ ಅದಕ್ಕೆ ಮುಂಚೆ ಕ್ರಿಕೆಟ್ ಆಡಿ ಮೆಚ್ಚಿಕೊಂಡವರೇ.

ಆ ಸಂಘ ಬಂದ ಮೇಲೆ ಗಾಳಿ ತಿರುಗಿತು. ಜಮೀನ್ದಾರರ ವಿರುದ್ಧ ಭೂ ಹೋರಾಟ ಆಗಷ್ಟೇ ನಡೆದಿತ್ತು. ಒಡೆಯನ ಹುಲ್ಲುಗಾವಲಲ್ಲಿ ಆಡುವ ಆಟವೂ ಒಡೆಯನದೇ ಎಂಬ ಭಾವನೆ ಬೆಳೆಯಿತು. ಸಂಘದ ಮೊದಲ ಪೋಷಕ ಆರ್ಚ್‌ಬಿಷಪ್ ಕ್ರೋಕ್ ಬರೆದ ಪತ್ರದಲ್ಲಿ ಟೆನಿಸ್, ಪೋಲೊ ಜೊತೆ ಕ್ರಿಕೆಟ್ ಕೂಡ ಪರದೇಶದ ಆಟಗಳ ಪಟ್ಟಿ ಸೇರಿತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ನಿಯಮವೇ ಬಂತು: ಕ್ರಿಕೆಟ್, ರಗ್ಬಿ, ಫುಟ್‌ಬಾಲ್, ಹಾಕಿ ಆಡಿದವನಿಗೆ ಗೇಲಿಕ್ ಆಟಗಳಲ್ಲಿ ಜಾಗವಿಲ್ಲ. ಆಡುವುದಿರಲಿ, ನೋಡಿದರೂ ತಪ್ಪು. ಯಾರು ಕದ್ದು ನೋಡಲು ಹೋಗುತ್ತಾರೆಂದು ಪತ್ತೆ ಹಚ್ಚಲು ಕಾವಲು ಸಮಿತಿಗಳಿದ್ದವು. 1938ರಲ್ಲಿ ದೇಶದ ಅಧ್ಯಕ್ಷ ಡಗ್ಲಸ್ ಹೈಡ್ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೊಂದಕ್ಕೆ ಅತಿಥಿಯಾಗಿ ಹೋದರು. ಐರಿಷ್ ಭಾಷೆ ಉಳಿಸಲು ಜೀವ ತೇಯ್ದ ಅದೇ ಹೈಡ್ ಅವರನ್ನು ಸಂಘ ತನ್ನ ಪೋಷಕರ ಪಟ್ಟಿಯಿಂದ ತೆಗೆದುಹಾಕಿತು. ಈ ನಿಷೇಧ ತೆರವಾದದ್ದು 1971ರಲ್ಲಿ.

ಭಾರತದಲ್ಲಿ ಇಂಥದ್ದೊಂದು ಆಗಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1940ರಲ್ಲಿ ಗಾಂಧೀಜಿ ಮುಂಬಯಿಯ ಪೆಂಟಾಂಗ್ಯುಲರ್ ಪಂದ್ಯಾವಳಿಯನ್ನು ವಿರೋಧಿಸಿದಾಗಲೂ ಅವರ ತಕರಾರಿದ್ದದ್ದು ಮತಧರ್ಮದ ಆಧಾರದಲ್ಲಿ ತಂಡ ಕಟ್ಟುವುದರ ಬಗ್ಗೆ. ಕ್ರಿಕೆಟ್ ಆಡಿದವನು ದೇಶದ್ರೋಹಿ ಎಂದು ಇಲ್ಲಿ ಯಾವ ದೊಡ್ಡ ಚಳವಳಿಯೂ ಹೇಳಲಿಲ್ಲ. ನಾವು ಆಟವನ್ನು ಇಟ್ಟುಕೊಂಡು ಒಡೆಯರನ್ನು ಕಳಿಸಿದೆವು. ಐರಿಷರು ಇಬ್ಬರನ್ನೂ ಒಟ್ಟಿಗೇ ಹೊರಹಾಕಲು ನೋಡಿದರು. 1921ರ ಜೂನ್ 3ರಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಬ್ರಿಟಿಷ್ ಸೇನಾ ತಂಡದ ಪಂದ್ಯ ನಡೆಯುತ್ತಿದ್ದಾಗ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಐಆರ್‌ಎ ಬಂದೂಕುಗಳು ಸಿಡಿದವು, ನೋಡುತ್ತ ಕೂತಿದ್ದ ಒಬ್ಬ ವಿದ್ಯಾರ್ಥಿನಿ ಸತ್ತಳು. ಅಂಥ ದಿನಗಳಲ್ಲಿ ಬಿಳಿ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುವುದೇ ಒಂದು ಹೇಳಿಕೆ ಕೊಟ್ಟಂತೆ.

ಆದರೂ ಆಟ ಸಾಯಲಿಲ್ಲ. ಟ್ರಿನಿಟಿಯಲ್ಲಿ, ಡಬ್ಲಿನ್‌ನ ಕೆಲವು ಕ್ಲಬ್ಬುಗಳಲ್ಲಿ, ಉತ್ತರದ ಅಲ್ಸ್ಟರ್‌ನಲ್ಲಿ ಉಸಿರು ಹಿಡಿದುಕೊಂಡಿತು. ನೊಬೆಲ್ ಪಡೆದ ಸ್ಯಾಮ್ಯುಯೆಲ್ ಬೆಕೆಟ್ ಟ್ರಿನಿಟಿಯ ಹುಡುಗನಾಗಿದ್ದಾಗ ನಾರ್ಥಾಂಪ್ಟನ್‌ಶೈರ್ ಮೇಲೆ ಎರಡು ಪ್ರಥಮ ದರ್ಜೆ ಪಂದ್ಯ ಆಡಿದ್ದು ಆಗಲೇ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು ಮೂಲೆ. ಡಬ್ಲಿನ್‌ನ ಉತ್ತರಕ್ಕೆ ಫಿಂಗಲ್ ಎಂಬ ಸೀಮೆಯಿದೆ, ತರಕಾರಿ ಬೆಳೆಯುವವರ, ಮೀನುಗಾರರ ನಾಡು. ಅಲ್ಲಿನ ಸಾಧಾರಣ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಕೆಟ್ ಅಪ್ಪನಿಂದ ಮಗನಿಗೆ ಬಂದ ಸ್ವತ್ತು. ಒಡೆಯರ ಆಟ ಎಂಬ ಬೈಗುಳ ಆ ಮನೆಗಳಿಗೆ ಅನ್ವಯಿಸಲೇ ಇಲ್ಲ. ಮಾರ್ಗನ್ ಬಂದದ್ದು ಆ ಸೀಮೆಯಿಂದ. ಹುಡುಗನಾಗಿದ್ದಾಗ ಹರ್ಲಿಂಗ್ ಕೂಡ ಆಡಿದ್ದರು. ಅವರ ರಿವರ್ಸ್ ಸ್ವೀಪ್ ನೋಡಿದವರು ಆ ಮಣಿಕಟ್ಟಿನಲ್ಲಿ ಹರ್ಲಿಂಗ್ ಕೋಲಿನ ಪಳಗಿಕೆ ಕಂಡರು. ಇಂಗ್ಲಿಷ್ ಆಟಗಳನ್ನು ದೂರವಿಡಲು ಹುಟ್ಟಿದ ಸಂಘದ ಆಟವೇ ಇಂಗ್ಲೆಂಡಿನ ನಾಯಕನ ಕೈ ತಿದ್ದಿತು!

ಐರಿಷ್ ಕ್ರಿಕೆಟ್ ತಂಡ ಒಂದು ದೇಶದ್ದಲ್ಲ, ಒಂದು ದ್ವೀಪದ್ದು. ಗಣರಾಜ್ಯದವರೂ ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿನವರೂ ಅದರಲ್ಲಿ ಒಟ್ಟಿಗೆ ಆಡುತ್ತಾರೆ. 1969ರ ಜುಲೈ 2ರಂದು ಟಿರೋನ್ ಸೀಮೆಯ ಸಿಯಾನ್ ಮಿಲ್ಸ್ ಎಂಬ ಲಿನನ್ ಗಿರಣಿಯ ಊರಿನಲ್ಲಿ ಈ ತಂಡ ವೆಸ್ಟ್ ಇಂಡೀಸನ್ನು 25 ರನ್ನಿಗೆ ಸುತ್ತಿಹಾಕಿತು. ಡಗಿ ಗುಡ್ವಿನ್ ಆರು ರನ್ನಿಗೆ ಐದು ವಿಕೆಟ್ ಕಿತ್ತರು. ಆರು ವಾರ ಕಳೆಯಿತು. ಹತ್ತಿರದ ಡೆರಿ ನಗರದ ಬೀದಿಗಳಿಗೆ ಬ್ರಿಟಿಷ್ ಸೈನ್ಯ ಇಳಿಯಿತು, ಮೂರು ದಶಕಗಳ ರಕ್ತಪಾತ ಶುರುವಾಯಿತು. ಆ ಇಡೀ ಅವಧಿಯಲ್ಲೂ ತಂಡ ಒಡೆಯಲಿಲ್ಲ. ಆದರೆ ಪಂದ್ಯಕ್ಕೆ ಮುನ್ನ ಯಾವ ರಾಷ್ಟ್ರಗೀತೆ ಹಾಡುವುದು? ಡಬ್ಲಿನ್‌ನದು ಬೆಲ್‌ಫಾಸ್ಟಿನವರಿಗೆ ಒಗ್ಗದು, ಲಂಡನ್ನಿನದು ಡಬ್ಲಿನ್‌ನವರಿಗೆ ಕಿವಿಗೂ ಬೀಳಬಾರದು. ಕೊನೆಗೆ ರಗ್ಬಿಯವರು 1995ರಲ್ಲಿ ಬರೆಸಿಕೊಂಡಿದ್ದ ‘ಐರ್ಲೆಂಡ್ಸ್ ಕಾಲ್’ ಕ್ರಿಕೆಟಿಗೂ ಬಂತು. ಹಾಗಾಗಿ ಈ ತಂಡದ ಬೆಂಬಲಿಗರಲ್ಲಿ ಪಾಸ್‌ಪೋರ್ಟಿನಲ್ಲಿ ಬ್ರಿಟಿಷರಾಗಿದ್ದು, ಕ್ರಿಕೆಟಿನಲ್ಲಿ ಮಾತ್ರ ಇಂಗ್ಲೆಂಡ್ ಸೋಲಲಿ ಎನ್ನುವವರೂ ಇದ್ದಾರೆ. ರಾಜಕೀಯದ ಲೆಕ್ಕದಲ್ಲಿ ಇವರನ್ನು ಯಾವ ಸಾಲಿಗೂ ಸೇರಿಸಲಾಗದು.

ಜಿದ್ದಿಗೆ ನಿಜವಾದ ಕಿಡಿ ಹತ್ತಿದ್ದು 2006ರ ಆಸುಪಾಸಿನಲ್ಲಿ. ಆ ವರ್ಷದ ಜೂನ್ 13ರಂದು ಬೆಲ್‌ಫಾಸ್ಟಿನ ಸ್ಟಾರ್ಮಾಂಟ್‌ನಲ್ಲಿ ಐರ್ಲೆಂಡ್ ತನ್ನ ಮೊಟ್ಟಮೊದಲ ಏಕದಿನ ಪಂದ್ಯ ಆಡಿತು, ಎದುರಾಳಿ ಇಂಗ್ಲೆಂಡ್. ಐರ್ಲೆಂಡ್ ಪರ ಡೊಮಿನಿಕ್ ಜಾಯ್ಸ್ ಇಳಿದರು. ಅದೇ ಪಂದ್ಯದಲ್ಲಿ ಅವರ ಸ್ವಂತ ಅಣ್ಣ ಎಡ್ ಜಾಯ್ಸ್ ಇಂಗ್ಲೆಂಡ್ ಟೋಪಿ ಹಾಕಿ ಪದಾರ್ಪಣೆ ಮಾಡಿದರು. ಐರ್ಲೆಂಡಿಗೆ ಆಗ ಟೆಸ್ಟ್ ಮಾನ್ಯತೆ ಇರಲಿಲ್ಲ. ಇಂಗ್ಲಿಷ್ ಕೌಂಟಿಗಳಲ್ಲಿ ಪಳಗಿದ ಒಳ್ಳೆಯ ಆಟಗಾರನಿಗೆ ಟೆಸ್ಟ್ ಆಡುವ ಆಸೆಯಿದ್ದರೆ ಇಂಗ್ಲೆಂಡ್ ಸೇರುವುದೊಂದೇ ದಾರಿ. ಆಗಿನ ನಿಯಮವೂ ಏಕಮುಖ. ಸಣ್ಣ ದೇಶದಿಂದ ದೊಡ್ಡ ದೇಶಕ್ಕೆ ಹಾರಲು ಕೆಲವು ವಾರ ಸಾಕಿತ್ತು, ಮರಳಿ ಬರಲು ನಾಲ್ಕು ವರ್ಷ ಕಾಯಬೇಕಿತ್ತು. ಮಾರ್ಗನ್ 2009ರ ಏಪ್ರಿಲ್‌ನಲ್ಲಿ ಐರ್ಲೆಂಡನ್ನು ವಿಶ್ವಕಪ್‌ಗೆ ಮುಟ್ಟಿಸುವ ಅರ್ಹತಾ ಪಂದ್ಯಗಳಲ್ಲಿ ಆಡಿದರು, ಮೇ ತಿಂಗಳಲ್ಲಿ ಇಂಗ್ಲೆಂಡ್ ಪರ ಕಣಕ್ಕಿಳಿದರು. ಇಂಗ್ಲೆಂಡ್ ಪರ ಆಡುವ ಆಸೆ ಚಿಕ್ಕಂದಿನದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರಿಂದ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟವಾಯಿತು. ಹೆತ್ತ ತಾಯಿ ಒಬ್ಬಳು, ಮಗನ ಮದುವೆಯಲ್ಲಿ ಆರತಿ ಎತ್ತಿಸಿಕೊಂಡವಳು ಇನ್ನೊಬ್ಬಳು ಎಂಬ ಸ್ಥಿತಿ ಐರಿಷ್ ಅಭಿಮಾನಿಗಳದು.

ಈ ನಡುವೆ 2007ರ ವಿಶ್ವಕಪ್ ಬಂತು. ಸಂತ ಪ್ಯಾಟ್ರಿಕ್‌ನ ಹಬ್ಬದ ದಿನ, ಮಾರ್ಚ್ 17ರಂದು, ಕಿಂಗ್ಸ್‌ಟನ್‌ನಲ್ಲಿ ಐರ್ಲೆಂಡ್ ಪಾಕಿಸ್ತಾನವನ್ನು ಮನೆಗೆ ಕಳಿಸಿತು. ಕ್ರಿಕೆಟ್ ಇದೆಯೆಂಬುದನ್ನೇ ಮರೆತಿದ್ದ ದೇಶ ಟಿ.ವಿ. ಮುಂದೆ ಕೂತಿತು. ಇಂಗ್ಲೆಂಡಿನ ಅಭಿಮಾನಿ ಪಡೆಗೆ ‘ಬಾರ್ಮಿ ಆರ್ಮಿ’ ಎಂಬ ಹೆಸರಿತ್ತಲ್ಲ, ಇವರು ತಮ್ಮನ್ನು ‘ಬ್ಲಾರ್ನಿ ಆರ್ಮಿ’ ಎಂದು ಕರೆದುಕೊಂಡರು. ಎರಡು ವಾರದ ನಂತರ ಗಯಾನಾದಲ್ಲಿ ಇಂಗ್ಲೆಂಡ್ ಎದುರಾದಾಗ, ಆಗಿನ್ನೂ ಐರ್ಲೆಂಡ್ ಪರ ಆಡುತ್ತಿದ್ದ ರ‍್ಯಾಂಕಿನ್ ಎಸೆತವನ್ನು ಆಡದೆ ಬಿಟ್ಟ ಎಡ್ ಜಾಯ್ಸ್ ಬೌಲ್ಡ್ ಆದರು. ಪಂದ್ಯ ಇಂಗ್ಲೆಂಡಿನದಾಯಿತು, ಆದರೆ ಐರಿಷರು ಇಂದಿಗೂ ಸವಿಯುವುದು ಆ ಒಂದು ಎಸೆತವನ್ನು.

ಇನ್ನು ಬೆಂಗಳೂರು. 2011ರ ಮಾರ್ಚ್ 2, ಚಿನ್ನಸ್ವಾಮಿ ಕ್ರೀಡಾಂಗಣ. ಮೂರು ದಿನ ಮುಂಚೆ ಅಲ್ಲೇ ಭಾರತ ಮತ್ತು ಇಂಗ್ಲೆಂಡ್ ತಲಾ 338 ರನ್ ಹೊಡೆದು ಟೈ ಆಗಿತ್ತು, ಊರೆಲ್ಲ ಅದೇ ಗುಂಗಿನಲ್ಲಿತ್ತು. ಇಂಗ್ಲೆಂಡ್ 8 ವಿಕೆಟ್‌ಗೆ 327. ಐರ್ಲೆಂಡ್ ಇನಿಂಗ್ಸಿನ ಮೊದಲ ಎಸೆತಕ್ಕೇ ನಾಯಕ ಪೋರ್ಟರ್‌ಫೀಲ್ಡ್ ಔಟ್. 111ಕ್ಕೆ 5 ಆದಾಗ ಪಂದ್ಯ ಮುಗಿದಂತೆಯೇ ಎಂದು ಎದ್ದುಹೋದವರಿದ್ದರೆ ಅವರ ಪಾಡು ಪಾಪ. ಕ್ಯಾನ್ಸರ್ ಸಹಾಯಾರ್ಥ ಕೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ನೂರು ಹೊಡೆದರು. ವಿಶ್ವಕಪ್‌ನ ಆ ಅತಿವೇಗದ ಶತಕದ ದಾಖಲೆ 2023ರವರೆಗೆ ಅಳಿಯಲಿಲ್ಲ. ಆರನೇ ವಿಕೆಟ್‌ಗೆ ಬಂದ 162 ರನ್‌ಗಳಲ್ಲಿ ಅವರ ಜೊತೆಗಾರನ ಹೆಸರು ಅಲೆಕ್ಸ್ ಕ್ಯುಸಾಕ್. ಥರ್ಲ್ಸ್ ಹೋಟೆಲಿನ ಆ ಕ್ಯುಸಾಕ್‌ನ ಹೆಸರು ಹೊತ್ತ ಈತ ಹುಟ್ಟಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ. ಕೊನೆಯ ಓವರಿನ ಮೊದಲ ಎಸೆತಕ್ಕೆ ಜಾನ್ ಮೂನಿ ಬೌಂಡರಿ ಬಾರಿಸಿ ಗೆಲುವು ತಂದರು. ಇಂಗ್ಲೆಂಡ್ ಬಿಟ್ಟು ವಿಶೇಷ ವಿನಾಯಿತಿಯಲ್ಲಿ ಮರಳಿದ್ದ ಎಡ್ ಜಾಯ್ಸ್ ಆ ದಿನ ಹಸಿರು ಅಂಗಿಯಲ್ಲಿದ್ದರು. ಮಾರ್ಗನ್ ಬೆರಳು ಮುರಿದುಕೊಂಡು ತಂಡದ ಹೊರಗಿದ್ದರು.

ಅಲ್ಲಿಗೆ ಆ ಹಳೆಯ ಪ್ರಶ್ನೆ ಬಾಯಿ ಮುಚ್ಚಿತು. ಕ್ರಿಕೆಟ್ ಆಡುವವನು ಐರಿಷನೇ ಎಂದು ಕೇಳುತ್ತಿದ್ದವರೇ ಇಂಗ್ಲೆಂಡನ್ನು ಸೋಲಿಸಿದವನಿಗಿಂತ ಐರಿಷ್ ಯಾರು ಎನ್ನತೊಡಗಿದರು. ಆಟಕ್ಕೆ ಪೌರತ್ವ ಸಿಕ್ಕಿದ್ದು ಇಂಗ್ಲೆಂಡಿನ ಬೆನ್ನ ಮೇಲೆ ಹತ್ತಿ. ಅದಕ್ಕೇ ಐರಿಷ್ ಅಭಿಮಾನಿಗೆ ಬೇರೆ ಯಾವ ಗೆಲುವೂ ಇದರಷ್ಟು ರುಚಿಸದು.

ಆಚೆ ಕಡೆಯ ಕಥೆ ಬೇರೆ. ಇಂಗ್ಲಿಷ್ ಅಭಿಮಾನಿಯ ಕಣ್ಣಿರುವುದು ಆ್ಯಶಸ್ ಮೇಲೆ. ಐರ್ಲೆಂಡ್ ಬಗ್ಗೆ ಅವನಿಗೆ ದ್ವೇಷವಿಲ್ಲ, ಅಕ್ಕರೆಯಿದೆ. ಸೋತಾಗಲೂ ಚಪ್ಪಾಳೆ ತಟ್ಟುತ್ತಾನೆ, ಬೆನ್ನು ಚಪ್ಪರಿಸುತ್ತಾನೆ. ದ್ವೇಷಕ್ಕೆ ಉತ್ತರ ಕೊಡಬಹುದು, ಈ ಚಪ್ಪರಿಕೆಗೆ ಏನು ಮಾಡುವುದು? ಐರಿಷರನ್ನು ಕೆರಳಿಸಿದ್ದರಲ್ಲಿ ಇಂಗ್ಲೆಂಡಿನ ದರ್ಪಕ್ಕಿಂತ ಈ ಅಕ್ಕರೆಯ ಪಾಲೇ ದೊಡ್ಡದು ಎಂಬುದು ನನ್ನ ಅನಿಸಿಕೆ. 2019ರ ವಿಶ್ವಕಪ್ ಅನ್ನು ಲಾರ್ಡ್ಸ್‌ನಲ್ಲಿ ಎತ್ತಿದ ಇಂಗ್ಲೆಂಡ್ ನಾಯಕ ರಷ್ ಊರಿನ ಹುಡುಗನೇ. ಆ ಹತ್ತು ತಂಡಗಳ ವಿಶ್ವಕಪ್‌ನಲ್ಲಿ ಐರ್ಲೆಂಡಿಗೆ ಜಾಗವೇ ಇರಲಿಲ್ಲ ಎಂಬುದು ಬೇರೆ ಉರಿ.

ಹತ್ತೇ ದಿನಕ್ಕೆ ಅದೇ ಲಾರ್ಡ್ಸ್‌ನಲ್ಲಿ ಟೆಸ್ಟ್. 2017ರಲ್ಲಿ ಟೆಸ್ಟ್ ಮಾನ್ಯತೆ ಪಡೆದಿದ್ದ ಐರ್ಲೆಂಡ್ ಮೊದಲ ದಿನದ ಊಟದ ಹೊತ್ತಿಗೆ ಇಂಗ್ಲೆಂಡನ್ನು 85ಕ್ಕೆ ಉರುಳಿಸಿತು. 13 ರನ್ನಿಗೆ ಐದು ವಿಕೆಟ್ ಪಡೆದ ಟಿಮ್ ಮುರ್ಟಾ ಹುಟ್ಟಿದ್ದು ಲಂಡನ್ನಿನಲ್ಲೇ, ಕೌಂಟಿ ಪಂದ್ಯಗಳನ್ನು ವರ್ಷಗಟ್ಟಲೆ ಆಡಿದ್ದು ಲಾರ್ಡ್ಸ್‌ನಲ್ಲೇ. ಅಜ್ಜಅಜ್ಜಿಯರ ಕಡೆಯಿಂದ ಐರಿಷ್. ಇಂಗ್ಲೆಂಡ್ ಕರೆದೊಯ್ದ ಮಾರ್ಗನ್‌ಗೆ ಇದೊಂದು ಮುಯ್ಯಿ ಎನ್ನೋಣ. ಆದರೆ 182 ರನ್ ಬೆನ್ನಟ್ಟಿದ ಐರ್ಲೆಂಡ್ 38ಕ್ಕೆ ಕುಸಿಯಿತು, ಮೂರನೇ ದಿನದ ಊಟಕ್ಕೂ ಆಟ ಉಳಿಯಲಿಲ್ಲ.

ಮುಂದಿನ ವರ್ಷ, 2020ರ ಆಗಸ್ಟ್ 4ರಂದು ಸೌತಾಂಪ್ಟನ್‌ನಲ್ಲಿ ಮಾರ್ಗನ್ ಶತಕ ಹೊಡೆದ ಪಂದ್ಯದಲ್ಲಿ ಇಂಗ್ಲೆಂಡ್ 328. ಪಾಲ್ ಸ್ಟರ್ಲಿಂಗ್ 142, ಆಂಡಿ ಬಾಲ್ಬಿರ್ನಿ 113 ಹೊಡೆದು ಐರ್ಲೆಂಡನ್ನು ದಡ ಸೇರಿಸಿದರು. ಗೆದ್ದಾಗಿನ ಮೊತ್ತ ಬೆಂಗಳೂರಿನದೇ, 329. ಕೋವಿಡ್ ಕಾರಣ ಗ್ಯಾಲರಿ ಖಾಲಿ, ಕುಣಿಯಲು ಒಬ್ಬ ಅಭಿಮಾನಿಯೂ ಇರಲಿಲ್ಲ. ಆ ಬಾಕಿ 2022ರಲ್ಲಿ ಮೆಲ್ಬರ್ನ್‌ನ ಮಳೆಯಲ್ಲಿ ತೀರಿತು. ಟಿ20 ವಿಶ್ವಕಪ್‌ನಲ್ಲಿ ಐರ್ಲೆಂಡ್ ಐದು ರನ್‌ಗಳಿಂದ ಗೆದ್ದಿತು. ಕಪ್ ಗೆದ್ದದ್ದು ಮಾತ್ರ ಇಂಗ್ಲೆಂಡ್.

ಜಿದ್ದಿನ ಹಾದಿ ಈಗ ಹಣದ ಕಡೆ ತಿರುಗಿದೆ. ಟೆಸ್ಟ್ ಮಾನ್ಯತೆ ಬಂದ ಮೇಲೆ ಆಟಗಾರರು ಇಂಗ್ಲೆಂಡಿಗೆ ಹಾರಬೇಕಾದ ಒತ್ತಡ ತಗ್ಗಿತು. ರ‍್ಯಾಂಕಿನ್ ಅದಕ್ಕೂ ಮೊದಲೇ ಮರಳಿದ್ದು, ಮಾನ್ಯತೆಯ ನಂತರ ಎರಡು ದೇಶಗಳ ಪರ ಟೆಸ್ಟ್ ಆಡಿದವರ ಪಟ್ಟಿ ಸೇರಿದರು. ಆದರೆ ತವರಿನಲ್ಲಿ ಟೆಸ್ಟ್ ನಡೆಸುವ ಖರ್ಚು ಐರ್ಲೆಂಡಿಗೆ ದುಬಾರಿ, ಗ್ಯಾಲರಿಯನ್ನೇ ಬಾಡಿಗೆಗೆ ತಂದು ನಿಲ್ಲಿಸಬೇಕಾದ ಸ್ಥಿತಿ. ಇಂಗ್ಲೆಂಡ್ ಬಂದರೆ ಟಿಕೆಟ್ ಖಾಲಿಯಾಗುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಅದು ಟಿ20 ಸರಣಿಗೆ ಮಲಾಹೈಡ್‌ಗೆ ಬಂದಾಗ ನಾಯಕತ್ವ ವಹಿಸಿದ್ದು ಬಾರ್ಬಡೋಸ್‌ನಲ್ಲಿ ಹುಟ್ಟಿದ ಜೇಕಬ್ ಬೆಥೆಲ್. 2030ರ ಟಿ20 ವಿಶ್ವಕಪ್ಪಿಗೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ ಜೊತೆ ಐರ್ಲೆಂಡ್ ಕೂಡ ಆತಿಥೇಯ. ಅಷ್ಟರೊಳಗೆ ಡಬ್ಲಿನ್ ಬಳಿಯ ಆಬಟ್ಸ್‌ಟೌನ್‌ನಲ್ಲಿ ಸ್ವಂತ ಕ್ರೀಡಾಂಗಣ ಎದ್ದು ನಿಲ್ಲಬೇಕೆಂದು ಐರಿಷ್ ಮಂಡಳಿ ಓಡಾಡುತ್ತಿದೆ.