ಕಂಬಳಿ ಗೋಡೆಯ ಕೋಣೆ

ಶಿವಮೊಗ್ಗದ ಹಳೇ ಬೀದಿಯೊಂದರಲ್ಲಿ ಹೆಂಚಿನ ಮನೆ. ಅದರ ನಡುಕೋಣೆಯ ನಾಲ್ಕೂ ಗೋಡೆಗೆ ಕರಿ ಕಂಬಳಿ ಇಳಿಬಿಟ್ಟಿದ್ದಾರೆ. ಬಾಗಿಲು ಹಾಕಿಕೊಂಡರೆ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಹದಿನೈದು ವರ್ಷದಿಂದ ಇಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ವಾಚನ ಧ್ವನಿಮುದ್ರಿಸುತ್ತಿದ್ದಾರೆ. ತುಂಗೆಯ ದಡದ ಹೊಸಹಳ್ಳಿ, ಮತ್ತೂರು ಇಲ್ಲಿಗೆ ಹತ್ತಿರ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಬೀದಿಯಲ್ಲೂ ಸಿಹಿ ಹಂಚಿದರಂತೆ.

ನಾನು ಹೋದದ್ದು ಗಮಕ ಕೇಳಲು. ಮನಸ್ಸು ಸಿಕ್ಕಿಕೊಂಡದ್ದು ಮಾತ್ರ ಉಗ್ರಾಣದಲ್ಲಿ. ಫ್ಯಾನಿನ ಗೊರಗೊರ ಮೈಕಿಗೆ ಬೀಳಬಾರದೆಂದು ಮೇಷ್ಟ್ರು ಗೋಡೆಗೆ ತೂತು ಕೊರೆಸಿ, ವೈರು ಎಳೆದು, ಕಂಪ್ಯೂಟರನ್ನು ಅಕ್ಕಿ ಡಬ್ಬ, ಉಪ್ಪಿನಕಾಯಿ ಜಾಡಿಗಳ ನಡುವೆ ಇಟ್ಟಿದ್ದಾರೆ. 2010ರಲ್ಲಿ ಕೊಂಡದ್ದು. 32 ಬಿಟ್‌ನ ವಿಂಡೋಸ್ 7. ಇಂಟರ್‌ನೆಟ್ ಅದಕ್ಕೆ ಸೋಕಿಯೇ ಇಲ್ಲ.

ಪಕ್ಕದಲ್ಲಿ ಎಂಟು ಮೈಕು ಹಿಡಿಸುವ ಆಡಿಯೊ ಇಂಟರ್‌ಫೇಸ್. ಮೈಕಿನಿಂದ ಬರುವ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡುವುದು, ಅಂಕಿಯನ್ನು ಮತ್ತೆ ದನಿಯಾಗಿಸಿ ಹೆಡ್‌ಫೋನಿಗೆ ಕಳಿಸುವುದು ಅದರ ಕೆಲಸ. ಈ ಡಬ್ಬಿಗೂ ಕಂಪ್ಯೂಟರಿಗೂ ನಡುವಿನ ತಂತಿ ಫೈರ್‌ವೈರ್. 1995ರಲ್ಲಿ ಮಾನಕವಾದ ಈ ಜೋಡಣೆ ಸೆಕೆಂಡಿಗೆ 400 ಮೆಗಾಬಿಟ್ ಸಾಗಿಸುತ್ತಿತ್ತು. ಒಂದು ಕಾಲಕ್ಕೆ ಸ್ಟುಡಿಯೊದವರೆಲ್ಲ ನೆಚ್ಚಿಕೊಂಡದ್ದು ಇದನ್ನೇ. ಈಗ ಅಂಗಡಿಗೆ ಹೋದರೆ ಆ ಕಿಂಡಿಯಿರುವ ಲ್ಯಾಪ್‌ಟಾಪೇ ಇಲ್ಲ. ಡಬ್ಬಿ ಗಟ್ಟಿಯಾಗಿದ್ದರೂ ಚುಚ್ಚಲು ಜಾಗವಿಲ್ಲ.

ಡಬ್ಬಿಯೂ ದಣಿದಿತ್ತು. ಹೋದ ವರ್ಷ ವಾಚನದ ನಡುವೆ ಟಿಕ್ ಟಿಕ್ ಸದ್ದು ಬರತೊಡಗಿತು. ರೇಡಿಯೊ ರಿಪೇರಿಯವರು ಬಿಚ್ಚಿ ನೋಡಿದರೆ ಪವರ್ ಸಪ್ಲೈಯ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಬದಲಾಯಿಸಿಕೊಟ್ಟು, “ಇದು ಎಷ್ಟು ದಿನವೋ ಹೇಳಕ್ಕಾಗಲ್ಲ ಮೇಷ್ಟ್ರೇ” ಅಂದರಂತೆ.

ಇನ್ನೊಂದು ತೊಂದರೆ ತಡದ್ದು. ಕಂಪ್ಯೂಟರ್ ಏದುಸಿರು ಬಿಡಬಾರದೆಂದರೆ ಬಫರನ್ನು, ಅಂದರೆ ಅಳೆದ ಅಂಕಿಗಳು ಸರದಿ ಕಾಯುವ ಜಾಗವನ್ನು, 512 ಅಳತೆಗಳಿಗೆ ಇಡಬೇಕು. ದನಿ ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಒಂದು ಸಲ ಕಾಯುತ್ತದೆ; ಒಟ್ಟು 23 ಮಿಲಿಸೆಕೆಂಡಿಗೂ ಹೆಚ್ಚು. ವಾಚಕನಿಗೆ ತನ್ನ ದನಿಯೇ ಎಂಟು ಮೀಟರ್ ಆಚೆಯ ಜಗಲಿಯಿಂದ ಬಂದಂತೆ ಕೇಳುತ್ತದೆ. ತಾಳದ ಊರುಗೋಲಿಲ್ಲದೆ ಸಾಗುವ ಗಮಕದಲ್ಲಿ ಭಾಮಿನಿ ಷಟ್ಪದಿಯ ಮೂರನೇ ಸಾಲಿಗೆ ಬರುವಷ್ಟರಲ್ಲಿ ಗಂಟಲು ಅನುಮಾನಿಸುತ್ತದೆ. ಹಾಗಾಗಿ ಇಲ್ಲಿ ಓದುವವರೆಲ್ಲ ಒಂದು ಕಿವಿಯ ಹೆಡ್‌ಫೋನ್ ಸರಿಸಿಕೊಂಡೇ ಓದುತ್ತಿದ್ದರು.

ಈಗ ಹೊಸ ಲ್ಯಾಪ್‌ಟಾಪ್, ಯುಎಸ್‌ಬಿ ಇಂಟರ್‌ಫೇಸ್ ಬಂದಾಗಿದೆ. ಬಫರ್ 64ಕ್ಕೆ ಇಳಿದರೂ ಸಲೀಸು. ಎಂಟು ಮೈಕಿನ ಜಾಗದಲ್ಲಿ ಎರಡೇ. “ವಾಚನಕ್ಕೊಂದು, ವ್ಯಾಖ್ಯಾನಕ್ಕೊಂದು, ಸಾಕು” ಅಂದರು ಮೇಷ್ಟ್ರು. ತಬಲಾ, ಹಾರ್ಮೋನಿಯಂ, ಕೊಳಲು ಹೊತ್ತು ಭಾವಗೀತೆಯ ತಂಡಗಳು ಬರುತ್ತಿದ್ದ ಕಾಲಕ್ಕೆ ಎಂಟೂ ಸಾಲುತ್ತಿರಲಿಲ್ಲ. ಅವರೆಲ್ಲ ಈಗ ಅವರವರ ಮನೆಯಲ್ಲೇ ಮುದ್ರಿಸಿಕೊಳ್ಳುತ್ತಾರೆ.

ಆದರೂ ಹಳೇ ಕಂಪ್ಯೂಟರ್ ಗುಜರಿಗೆ ಹೋಗಿಲ್ಲ, ಹೋಗಲೂಬಾರದು. ಕುಮಾರವ್ಯಾಸ ಭಾರತದ ಹತ್ತು ಪರ್ವಗಳಲ್ಲಿ ಆರು ಅದರೊಳಗಿವೆ, ಹಳೇ ತಂತ್ರಾಂಶದ ಕಡತಗಳಾಗಿ. ಅವುಗಳಿಗೆ ಅಂಟಿರುವ, ದನಿ ತಿದ್ದುವ 32 ಬಿಟ್ ಪ್ಲಗಿನ್‌ಗಳನ್ನು ಹೊಸ ಯಂತ್ರದ ತಂತ್ರಾಂಶ ಗುರುತೇ ಹಿಡಿಯುವುದಿಲ್ಲ. ಆದ್ದರಿಂದ ಮೇಷ್ಟ್ರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದೊಂದೇ ಸಂಧಿ ತೆರೆದು, ಪ್ರತಿ ಮೈಕಿನ ದನಿಯನ್ನೂ ಮೊದಲ ಸೆಕೆಂಡಿನಿಂದ ಕೊನೆವರೆಗೆ ಬರಿಯ ವೇವ್ ಕಡತವಾಗಿ ಇಳಿಸುತ್ತಾರೆ. ಒಂದು ದನಿ ಒಂದು ಗಂಟೆಗೆ ಸುಮಾರು 480 ಎಂಬಿ. ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಒಂದನ್ನು ಮಗಳ ಮನೆಯಲ್ಲಿಡುತ್ತಾರೆ. ಮಲೆನಾಡಿನ ಎಷ್ಟು ಉಗ್ರಾಣಗಳಲ್ಲಿ ಇಂಥ ಕಂಪ್ಯೂಟರುಗಳಿವೆಯೋ! ಅವು ಕಣ್ಣು ಮುಚ್ಚುವ ಮೊದಲು ಯಾವುದಾದರೂ ವಿಶ್ವವಿದ್ಯಾಲಯ ಒಂದು ಹಾರ್ಡ್‌ಡಿಸ್ಕ್ ಹಿಡಿದು ಮನೆಮನೆಗೆ ಬರಬಾರದೇ?

ನಾನು ಕೂತಿದ್ದಾಗ ಉದ್ಯೋಗಪರ್ವದ ಸಂಧಿಯೊಂದು ಇಳಿಯುತ್ತಿತ್ತು. ವ್ಯಾಖ್ಯಾನದ ಮೈಕಿನಲ್ಲಿ ಮೊದಲು ಒಂದು ಕೆಮ್ಮು, ತಂಬಿಗೆ ಕೆಳಗಿಟ್ಟ ಸದ್ದು, ಆಮೇಲೆ ಮಾತು. ಜನರಿಗೆ ಹಂಚಿದ ಸಿಡಿಯಲ್ಲಿ ಆ ಕೆಮ್ಮು ಇಲ್ಲ, ಆಗ ಮೇಷ್ಟ್ರೇ ಅದನ್ನು ಮುಚ್ಚಿದ್ದರು. ಆ ವ್ಯಾಖ್ಯಾನಕಾರರು ತೀರಿಕೊಂಡು ನಾಲ್ಕು ವರ್ಷವಾಯಿತು.

ಹೊರಗೆ ಹೆಂಚಿನ ಮೇಲೆ ಮಳೆ ಹಿಡಿಯಿತು. ಇನ್ನು ಇವತ್ತು ಮುದ್ರಣವಿಲ್ಲ. ಮೇಷ್ಟ್ರು ಕಡತವನ್ನು ಹಿಂದಕ್ಕೆ ಎಳೆದು, ಕೆಮ್ಮಿನಿಂದಲೇ ಮತ್ತೊಮ್ಮೆ ಹಚ್ಚಿದರು.