ಕೆಳಗಿನ ಸಹಿ ಯಾರದು?

ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯ ಕಾಕಾ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಾಯಿಯ ಕಾಯಿಲೆಗೆಂದು ಊರಿಗೆ ಹೋದವರು ರಜೆ ಮುಗಿದರೂ ಎರಡು ತಿಂಗಳು ಬರಲಿಲ್ಲ. ವಿಚಾರಣೆಯಾಯಿತು, ವಜಾ ಮಾಡಿದ ಕಾಗದ ಬಂತು. "ತಮ್ಮಾ, ನೀ ಕಾಯ್ದೆ ಓದಾಕತ್ತೀಯಲ್ಲ, ಏನರ ದಾರಿ ಐತೇನು ನೋಡು" ಎಂದು ಅದನ್ನು ನನ್ನ ಕೈಗಿತ್ತರು. ಲಾ ಕಾಲೇಜಿನ ಮೊದಲ ವರ್ಷದಲ್ಲಿದ್ದ ನನಗೇನು ಗೊತ್ತು! ನಮ್ಮ ಪ್ರಾಧ್ಯಾಪಕರಿಗೆ ತೋರಿಸಿದೆ. ಆರೋಪವೇನೆಂದು ಅವರು ಕೇಳಲೇ ಇಲ್ಲ. "ಇವರ ನೇಮಕದ ಆದೇಶಕ್ಕೆ ಸಹಿ ಹಾಕಿದವರು ಯಾರು?" ಎಂದರು.

ಈ ಪ್ರಶ್ನೆಯ ಬೇರು ನಮ್ಮ ಸಂವಿಧಾನದಲ್ಲಿದೆ. ಸರಕಾರಿ ನೌಕರ ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಮರ್ಜಿ ಇರುವ ತನಕ ಹುದ್ದೆಯಲ್ಲಿರುತ್ತಾನೆ ಎನ್ನುತ್ತದೆ 310ನೆಯ ವಿಧಿ. ಆ ಮರ್ಜಿಗೆ 311ನೆಯ ವಿಧಿ ಎರಡು ಕಡಿವಾಣ ಹಾಕುತ್ತದೆ. ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ನೌಕರನನ್ನು ವಜಾ ಮಾಡುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ, ಇದು ಮೊದಲನೆಯದು. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಅವನ ಮಾತು ಕೇಳಬೇಕು, ಇದು ಎರಡನೆಯದು. ಎರಡನೆಯದಕ್ಕೆ ಕೆಲವು ಅಪವಾದಗಳುಂಟು, ಮೊದಲನೆಯದಕ್ಕಿಲ್ಲ.

ಇದು ಹಳೆಯ ಕಟ್ಟಳೆಯೇ. 1930ರ ದಶಕದಲ್ಲಿ ಮದ್ರಾಸ್ ಪ್ರಾಂತದ ಒಬ್ಬ ಪೊಲೀಸ್ ಸಬ್‌ಇನ್‌ಸ್ಪೆಕ್ಟರನನ್ನು ನೇಮಿಸಿದವನಿಗಿಂತ ಕೆಳಗಿನ ಅಧಿಕಾರಿ ವಜಾ ಮಾಡಿದ್ದ. ಆ ವಜಾ ನಿಲ್ಲುವುದಿಲ್ಲವೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು.

ಹಾಗಾದರೆ ಮೇಲಿನವರು ತಮ್ಮ ಅಧಿಕಾರವನ್ನು ಕೆಳಗಿನವರಿಗೆ ವಹಿಸಿಕೊಟ್ಟರೆ? ಇದಕ್ಕೆ ನಮ್ಮ ಸೆಂಟ್ರಲ್ ರೈಲ್ವೆಯ ಮೊಕದ್ದಮೆಯೇ ಉತ್ತರ. ಒಬ್ಬ ಟ್ರೈನ್ ಲೈಟಿಂಗ್ ಇನ್‌ಸ್ಪೆಕ್ಟರರನ್ನು ನೇಮಿಸಿದ್ದು ಚೀಫ್ ಇಲೆಕ್ಟ್ರಿಕಲ್ ಇಂಜಿನಿಯರ್. ತೆಗೆದದ್ದು ಡಿವಿಜನಲ್ ಅಸಿಸ್ಟೆಂಟ್ ಇಲೆಕ್ಟ್ರಿಕಲ್ ಇಂಜಿನಿಯರ್. ಈ ಹುದ್ದೆಗೆ ನೇಮಿಸುವ ಅಧಿಕಾರವನ್ನು ನಂತರ ಕೆಳಗಿನವರಿಗೂ ಕೊಟ್ಟಿದೆ ಎಂದು ರೈಲ್ವೆ ವಾದಿಸಿತು. 1979ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನೇಮಕವಾದ ದಿನ ಸಹಿ ಹಾಕಿದವರು ಯಾರೆಂಬುದೇ ಲೆಕ್ಕ. ಆಮೇಲಿನ ಕಾಗದದಿಂದ ಸಂವಿಧಾನ ಕೊಟ್ಟ ರಕ್ಷೆ ಹೋಗುವುದಿಲ್ಲ ಎಂದಿತು.

ಹಾಗೆಂದು ನೇಮಿಸಿದ ಅದೇ ವ್ಯಕ್ತಿಯೇ ತೆಗೆಯಬೇಕೆಂದಿಲ್ಲ. ಅದೇ ದರ್ಜೆಯವರು ಅಥವಾ ಮೇಲಿನವರು ಆದರೂ ಸರಿ. ವಿಚಾರಣೆಯನ್ನು ಕೆಳಗಿನ ಅಧಿಕಾರಿ ನಡೆಸಬಹುದು; ಕಡೆಯ ಸಹಿ ಮಾತ್ರ ಸರಿಯಾದ ಕೈಯದಾಗಿರಬೇಕು. ಇನ್ನೊಂದು ಮಾತು: ಬ್ಯಾಂಕು, ಸರಕಾರಿ ಕಾರ್ಖಾನೆ, ನಿಗಮಗಳ ನೌಕರರಿಗೆ 311ರ ನೆರಳಿಲ್ಲ. ಅವರಿಗೆ ಅವರವರ ಸೇವಾ ನಿಯಮಗಳೇ ಗತಿ.

ಇಷ್ಟೆಲ್ಲ ಯಾಕೆ ಎನ್ನಬಹುದು. ದಿನಾ ಎದುರು ಕೂರುವ ಸಾಹೇಬನ ಸಿಟ್ಟಿಗೆ ಒಬ್ಬನ ಅನ್ನ ಹೋಗಬಾರದು. ಎತ್ತರದಲ್ಲಿ ಕೂತವರು, ಆ ಜಗಳದಲ್ಲಿ ಇಲ್ಲದವರು, ಒಮ್ಮೆ ಕಡತ ನೋಡಲಿ ಎಂಬುದೇ ಇದರ ಹುರುಳೆಂದು ನನಗನ್ನಿಸುತ್ತದೆ.

ಕಾಕಾನ ಟ್ರಂಕಿನಲ್ಲಿ, ಮದುವೆಯ ಪಟದ ಕೆಳಗೆ, ನೇಮಕದ ಆದೇಶ ಸಿಕ್ಕಿತು. ಅದರ ಸಹಿ ವಜಾ ಮಾಡಿದವರಿಗಿಂತ ಎರಡು ಮೆಟ್ಟಿಲು ಮೇಲಿನವರದು. ಮೇಲ್ಮನವಿಯಲ್ಲಿ ವಜಾ ರದ್ದಾಯಿತು. ಆದರೆ ಅದರಿಂದ ಕಾಕಾ ನಿರ್ದೋಷಿ ಎಂದಾಗಲಿಲ್ಲ. ಸರಿಯಾದ ಅಧಿಕಾರಿ ಕಡತವನ್ನು ಮತ್ತೆ ತೆರೆದರು, ಇನ್‌ಕ್ರಿಮೆಂಟ್ ತಡೆದರು. "ತಪ್ಪು ನಂದೂ ಇತ್ತು ಬಿಡಪಾ, ನೌಕರಿ ಉಳೀತಲ್ಲ" ಎಂದರು ಕಾಕಾ.

ಗೆಳೆಯರೇ, ನಮ್ಮಲ್ಲಿ ಹಲವರು ನಾಳೆ ಸರಕಾರಿ ನೌಕರಿಗೆ ಸೇರುವವರು. ಮೊದಲ ಸಂಬಳ ಖರ್ಚಾಗಲಿ, ಚಿಂತೆಯಿಲ್ಲ. ಮೊದಲ ಕಾಗದವನ್ನು ಮಾತ್ರ ಜೋಪಾನವಾಗಿಡಿ.