ಒಣ ಹಳ್ಳಕ್ಕೆ ಸೇತುವೆ ಯಾಕೆ?

ಒಮಾನ್‌ನ ಸಲಾಲಾ ಕಡೆಯ ರಸ್ತೆ ಬದಿಯಲ್ಲಿ ಬಣ್ಣ ಬಳಿದ ಅಳತೆ ಕಂಬ ನೋಡಿದ್ದೀರಾ? ಸುತ್ತ ಬರೀ ಮರಳು, ಕಲ್ಲು. ಆದರೆ ಅದು ವಾದಿ, ಅಂದ್ರೆ ಮಳೆಹಳ್ಳ. ರಸ್ತೆ ಮೇಲೆ ನೀರು ಎಷ್ಟು ಏರಿದೆ ಅಂತ ಆ ಕಂಬ ಹೇಳುತ್ತೆ.

ಖರೀಫ್, ಅಂದ್ರೆ ಇಲ್ಲಿನ ಮುಂಗಾರಿನ ಜಿಟಿಜಿಟಿ ಮಳೆಗೆ ಯಾರೂ ಹೆದರಲ್ಲ. ಹೆದರಿಕೆ ಚಂಡಮಾರುತದ್ದು. 2018ರ ಮೇ ತಿಂಗಳಲ್ಲಿ ಮೆಕುನು ಅನ್ನೋ ಚಂಡಮಾರುತ ಬಂದಾಗ 24 ಗಂಟೆಯಲ್ಲಿ 278 ಮಿಲಿಮೀಟರ್ ಮಳೆ ಸುರೀತು. ಇಲ್ಲಿನ ಎರಡು ವರ್ಷದ ಮಳೆಗಿಂತ ಜಾಸ್ತಿ!

ಇಂಥ ನೀರಿಗೆ ಸಣ್ಣ ಮೋರಿ ಸಾಲಲ್ಲ. ಬಾಯಿಗೆ ಕಸಕಡ್ಡಿ, ಕಲ್ಲು ಸಿಕ್ಕಿಕೊಂಡರೆ ನೀರು ರಸ್ತೆಗೇ ಏರುತ್ತೆ, ಆಚೆ ಊರಿಗೆ ಆಂಬುಲೆನ್ಸೂ ಹೋಗಲ್ಲ. ಕಂಬಗಳ ನಡುವೆ ಧಾರಾಳ ಜಾಗ ಬಿಟ್ಟ ಎತ್ತರದ ಸೇತುವೆಯೇ ಬೇಕು. ಅದಕ್ಕೂ ವಯಸ್ಸಾಗುತ್ತೆ ಅನ್ನಿ. ಮೇಲೆ ಡಾಂಬರು ನುಣ್ಣಗಿದ್ದರೂ ಕೆಳಗೆ ಪ್ರವಾಹ ಕಂಬದ ಬುಡದ ಮಣ್ಣು ಕೊರೆದಿರಬಹುದು.

ಹಳೇ ಸೇತುವೆ ಕೈಕೊಟ್ಟರೆ ಏನಾಗುತ್ತೆ ಅಂತ ಕಾರವಾರದವರನ್ನು ಕೇಳಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ನಾಲ್ಕು ದಶಕದ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಕ್ಯಾಬಿನ್ ಮೇಲೆ ಹತ್ತಿದ ಚಾಲಕ ಹೇಗೋ ಬದುಕಿದ. ಪಕ್ಕದಲ್ಲೇ ಹೊಸ ಸೇತುವೆ ಇದ್ದದ್ದಕ್ಕೆ ಗೋವಾ ದಾರಿ ಪೂರ್ತಿ ಕಡಿಯಲಿಲ್ಲ. ಹೊಸದು ಕಟ್ಟಿದ ಮೇಲೂ ಒಂದು ಕಡೆಯ ಸಂಚಾರಕ್ಕೆ ಹಳೆಯದನ್ನೇ ಇಟ್ಟುಕೊಂಡಿದ್ದರು!